ನೀವು ಕೂತಿದ್ದ ಮಣೆ

ಮೂರನೆಯ ಕಡ್ಡಿಯೂ ಆರಿತು. ಒಲೆಗಿಟ್ಟ ಪುರುಳೆ ಚೆನ್ನಾಗಿ ಒಣಗಿತ್ತು, ಹಿಂದಿನ ದಿನದ ಬೂದಿಯನ್ನೆಲ್ಲ ಬಳಿದು ತೆಗೆದಿದ್ದೆ. ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತಿತ್ತು, ಪುರುಳೆಗೆ ತಾಗಿಸಿದರೆ ಆರಿಹೋಗುತ್ತಿತ್ತು. ಊದುಕೊಳವೆ ಹಿಡಿದು ಊದಿ ಊದಿ ಕೆನ್ನೆ ನೋವು ಬಂದದ್ದೇ ಬಂತು. ಅಂಬಲಿಗೆ ಕಲಸಿಟ್ಟಿದ್ದ ರಾಗಿ ಹಿಟ್ಟಿನ ಮೇಲೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದು ನೋಡಿದೆ. ಯಾವ ಮನೆಯ ಮೇಲೂ ಹೊಗೆ ಇರಲಿಲ್ಲ.

ನಮ್ಮೂರಿನಲ್ಲಿ ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಒಲೆ ಹೊತ್ತದಿದ್ದರೆ ಊರಿನಲ್ಲಿ ಒಬ್ಬರು ಹೆಚ್ಚಾಗಿದ್ದಾರೆ ಎಂದು ಅರ್ಥ. ಅವರು ಯಾರೆಂದು ಹುಡುಕಿ, ಅವರ ಬದಲಿಗೆ ನಮ್ಮಲ್ಲಿ ಒಬ್ಬರು ಹೊಳೆ ದಾಟಿ ಆಚೆ ದಡಕ್ಕೆ ಹೋದರೆ ಎಲ್ಲರ ಮನೆಯಲ್ಲೂ ಉರಿ ಏಳುತ್ತದೆ. ಹುಡುಕುವುದು ತಡವಾದರೆ ಮಕ್ಕಳು ತಂಗಳು ತಿನ್ನುತ್ತವೆ, ಅಷ್ಟೆ.

ಪಕ್ಕದ ಮನೆಯ ಗಿಡ್ಡಮ್ಮ ಆಗಲೇ ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲಿ ನಿಂತಿದ್ದಳು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ಬಾಯಿ ಮಾತ್ರ ಆರು ಜನರದು.

"ಬೇದಕ್ಕ, ನಿನ್ ಮೊಮ್ಮಗಳು ಹೆತ್ತುಬಿಟ್ಟಳಾ ಹೆಂಗೆ?" ಅಂದಳು.

"ಹೆತ್ತಿದ್ರೆ ನನಗಿಂತ ಮೊದ್ಲು ನಿನಗೆ ಗೊತ್ತಾಗಿರೋದು, ಸುಮ್ಕಿರು."

ನನ್ನ ಮೊಮ್ಮಗಳು ಮುತ್ತಿ ಒಳಗಿನಿಂದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ಬಾಗಿಲಿಗೆ ಒರಗಿ ನಕ್ಕಳು. ತಾಯಿಯಿಲ್ಲದ ಮಗು, ನಾನೇ ಸಾಕಿದ್ದು. ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಅವಳ ಗಂಡ ಜೋಗಿ ಜೇನು ಕೀಳುವವರ ಜೊತೆ ಮೇಲಿನ ಬಂಡೆಗೆ ಹೋಗಿದ್ದ.

ಹೆಚ್ಚಾದವನು ಬೇಗ ಸಿಕ್ಕಿದ. ಚಾವಡಿಯ ಹಿಂದಿನ ಬಯಲಿನಲ್ಲಿ ನೀಲಿ ಬಟ್ಟೆಯ ಗುಡಾರ ಹಾಕಿಕೊಂಡು ಮಲಗಿದ್ದ. ಮೂವತ್ತರ ಆಸುಪಾಸಿನ ಗಂಡಸು, ಹೆಸರು ಪ್ರಸನ್ನ. ಹರಿಗೋಲಿನ ಕಟ್ಟೆಗೆ ಬರದೆ, ಮೇಲೆ ಕಲ್ಲುಗಳಿರುವ ಕಡೆ ಹೊಳೆ ಹಾಯ್ದು, ಎಲ್ಲರೂ ಉಂಡು ಮಲಗಿದ ಮೇಲೆ ಬಂದನಂತೆ. ಯಾರಿಗೂ ತೊಂದರೆ ಕೊಡಬಾರದೆಂದು ಹಾಗೆ ಮಾಡಿದೆ ಅಂದ. ಅವನ ಹತ್ತಿರ ಅಳತೆಯ ಪಟ್ಟಿ, ಒಂದು ಕಟ್ಟು ಮರದ ಗೂಟ ಮತ್ತು ನಮಗೊಂದು ಕಾಗದ ಇತ್ತು. ಮೂರು ದಿನ ಇದ್ದು, ಕಾಗದಕ್ಕೆ ಉತ್ತರ ತೆಗೆದುಕೊಂಡು ಹೋಗಬೇಕಂತೆ.

ಊರ ಹಿರಿಯ ಬೊಮ್ಮಯ್ಯ ಅವನಿಗೆ ಕೈಕಾಲಿಗೆ ನೀರು ಕೊಟ್ಟು, ಊಟ ಸ್ವಲ್ಪ ತಡವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ ಎಂದ. ಒಲೆಯ ಮಾತು ಎತ್ತಲಿಲ್ಲ. ಬಂದವರ ಮುಂದೆ ಅದನ್ನು ಎತ್ತುವುದು ನಮ್ಮಲ್ಲಿಲ್ಲ. ನೀವು ಬಂದದ್ದರಿಂದ ನಮ್ಮವರೊಬ್ಬರು ಮನೆ ಬಿಟ್ಟರು ಎಂದು ಅತಿಥಿಗೆ ಹೇಗೆ ಹೇಳುವುದು? ತುತ್ತು ಗಂಟಲಲ್ಲಿ ನಿಲ್ಲುವುದಿಲ್ಲವೇ ಅವರಿಗೆ? ಹಾಗೆಂದೇ ನಮ್ಮ ಅಜ್ಜ ಅಜ್ಜಿಯರ ಕಾಲದಿಂದಲೂ ಬಾಯಿ ಮುಚ್ಚಿಕೊಂಡು ಬಂದಿದ್ದೇವೆ. ಬೊಮ್ಮಯ್ಯ ನಮ್ಮ ಕಡೆ ಸುಮ್ಮನೆ ಒಂದು ನೋಟ ನೋಡಿದ. ಗಿಡ್ಡಮ್ಮ ಆಗಲೇ ಸೆರಗು ಸಿಕ್ಕಿಸಿದ್ದಳು. ಆಚೆ ದಡದ ಹೋಟೆಲಿನ ಚಹಾ ಕುಡಿದು ತಿಂಗಳಾಯಿತು, ನಾಲಿಗೆ ಸತ್ತುಹೋಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿ, ಚಾವಡಿಗೆ ಹೋಗಿ ಸಾಲಿನಲ್ಲಿದ್ದ ತನ್ನ ಮಣೆಯನ್ನು ಎತ್ತಿಕೊಂಡು ಬಂದಳು. ಅದನ್ನು ಸೆರಗಿನಲ್ಲಿ ಒರೆಸಿ ಪ್ರಸನ್ನನ ಮುಂದಿಟ್ಟು, ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊಳೆಯ ಕಡೆ ನಡೆದಳು. ಹರಿಗೋಲು ಆಚೆ ದಡ ಮುಟ್ಟಿದ ಹೊತ್ತಿಗೆ ನನ್ನ ಒಲೆ ಒಂದೇ ಕಡ್ಡಿಗೆ ಹೊತ್ತಿತು.

ಮಣೆಗಳ ವಿಷಯ ಹೇಳಬೇಕು. ನಮ್ಮ ಚಾವಡಿಯಲ್ಲಿ ಇನ್ನೂರ ಹದಿನೆಂಟು ಮಣೆಗಳಿವೆ, ಊರಿನ ಒಬ್ಬೊಬ್ಬರಿಗೆ ಒಂದೊಂದು. ಹೊಳೆ ದಾಟುವವರು ತಮ್ಮ ಮಣೆಯನ್ನು ಬಂದವರಿಗೆ ಕೊಟ್ಟು ಹೋಗುತ್ತಾರೆ. ಬಂದವರು ಅದರ ಮೇಲೆ ಕೂತು ಉಣ್ಣುತ್ತಾರೆ, ಹರಟುತ್ತಾರೆ. ಅವರು ಹೊರಟ ದಿನ ಮಣೆ ಮತ್ತೆ ಸಾಲಿಗೆ ಸೇರುತ್ತದೆ. ಯಾರಾದರೂ ಸತ್ತರೆ ಮನೆಯವರು ಅವರ ಮಣೆಯನ್ನು ತಮ್ಮ ಒಲೆಯಲ್ಲಿ ಸುಡುತ್ತಾರೆ, ಆಗ ಆ ಜಾಗ ತೆರವಾಗುತ್ತದೆ. ಮಗು ಹುಟ್ಟುವುದಿದ್ದರೆ ತೆರವಾದ ಜಾಗ ಬೇಕು. ಇಲ್ಲದಿದ್ದರೆ ಮನೆಯವರಲ್ಲೊಬ್ಬರು ಜಾಗ ಬಿಟ್ಟುಕೊಟ್ಟು ಆಚೆ ದಡದಲ್ಲಿ ನೆಲೆಸಬೇಕು, ಅಥವಾ ಬಸುರಿಯೇ ಆಚೆ ಹೋಗಿ ಹೆರಬೇಕು. ಅಲ್ಲಿ ಹುಟ್ಟಿದ ಮಗುವಿಗೆ ಇಲ್ಲಿ ಮಣೆ ಇಲ್ಲ. ಮಣೆಯನ್ನು ಸುಡುವವರೆಗೂ ಸತ್ತವರ ಜಾಗ ಸತ್ತವರದೇ. ಯಾಕೆ ಎಂದು ಕೇಳಬೇಡಿ. ನಮ್ಮ ಒಲೆಗಳು ಹಾಗೆ ಎಣಿಸುತ್ತವೆ.

ಆ ಸಾಲಿನಲ್ಲಿ ನನ್ನ ಮಣೆಯ ಪಕ್ಕದಲ್ಲಿ ನಮ್ಮವರ ಮಣೆ, ಅಂದರೆ ನಮ್ಮ ಯಜಮಾನರದು, ಇತ್ತು. ಹೊನ್ನೆ ಮರದ್ದು, ಒಂದು ಮೂಲೆಯಲ್ಲಿ ಕಣ್ಣಿನಂಥ ಗಂಟು. ಮದುವೆಗೆ ಮುಂಚೆ ತಾವೇ ಕೆತ್ತಿಕೊಂಡಿದ್ದರು. ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ಮಣೆಯನ್ನು ನಾನು ಸುಟ್ಟಿರಲಿಲ್ಲ.

ಅವರು ಇಲ್ಲಿ ಸತ್ತಿದ್ದರೆ ಸುಡುತ್ತಿದ್ದೆನೇನೋ. ಒಂಬತ್ತು ವರ್ಷದ ಹಿಂದೆ ಪದ್ಮನಾಭ ಎಂಬ ಒಬ್ಬರು ಹೂವು ನೋಡಲು ಬಂದರು. ಮೂರು ದಿನಕ್ಕೆಂದು ಬಂದವರು. ಅವರ ಬದಲಿಗೆ ನಮ್ಮವರು ಹೊರಟರು. ಬಂದವರಿಗೆ ನಮ್ಮೂರು ಹಿಡಿಸಿತು. ಇನ್ನೆರಡು ದಿನ ಇರಲೇ ಎಂದು ಕೇಳಿದರು, ಇರಿ ಎಂದೆವು. ಇನ್ನೊಂದು ವಾರ ಇರಲೇ ಎಂದರು, ಅದಕ್ಕೇನು ಎಂದೆವು. ಹಾಗೆ ಎರಡು ತಿಂಗಳು ಕಳೆಯಿತು. ಒಳ್ಳೆಯ ಮನುಷ್ಯ, ನನ್ನ ಕೈಯ ಮುದ್ದೆ ಉಂಡು ಎಲೆ ತಾವೇ ಎತ್ತುತ್ತಿದ್ದರು. ಆಚೆ ದಡದಲ್ಲಿ ಊರಿನವರು ಉಳಿಯುವ ಗುಡಿಸಲು ಮಳೆಗೆ ಸೋರುತ್ತಿತ್ತು. ನಮ್ಮವರಿಗೆ ಜ್ವರ ಬಂತು. ಅಲ್ಲಿಯ ಆಸ್ಪತ್ರೆಗೆ ಸೇರಿಸಿದರು. ಪದ್ಮನಾಭ ಅವರು ಹೊರಟ ದಿನ ನಾನು ಮಣೆಯನ್ನು ತೊಳೆದು ಸಾಲಿನಲ್ಲಿಟ್ಟು, ಸಾರಿಗೆ ಕಾಳು ನೆನೆಹಾಕಿ ಕಾದೆ. ಹರಿಗೋಲು ಸುದ್ದಿಯನ್ನು ಮಾತ್ರ ತಂದಿತು. ಅವರನ್ನು ಅಲ್ಲಿಯೇ ಮಣ್ಣು ಮಾಡಿದರು.

ಆಚೆ ಹೋದವರಿಗೆ ವಾಪಸು ಬರುವ ಹಕ್ಕಿದೆ, ಅವರ ಮಣೆಯನ್ನು ಮನೆಯವರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ನಾನು ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಒಂಬತ್ತು ವರ್ಷ ನಮ್ಮೂರಿನಲ್ಲಿ ಇನ್ನೂರ ಹದಿನೇಳು ಜನ ಇದ್ದೆವು, ಇನ್ನೂರ ಹದಿನೆಂಟು ಜಾಗ ತುಂಬಿತ್ತು.

ಪದ್ಮನಾಭ ಅವರು ಊರು ಸೇರಿದ ಮೇಲೆ ನನಗೊಂದು ಕಾಗದ ಬರೆದರು. ನನಗಾಗ ಓದು ಬರುತ್ತಿರಲಿಲ್ಲ, ಬೇರೆಯವರಿಂದ ಓದಿಸಲು ಮನಸ್ಸು ಬರಲಿಲ್ಲ. ಬಂದವರ ಬದಲಿಗೆ ನನ್ನ ಸರದಿಯ ಮೇಲೆ ಆಚೆ ದಡಕ್ಕೆ ಹೋದಾಗಲೆಲ್ಲ ಜುಲೇಖಾ ಟೀಚರ್ ನಡೆಸುವ ರಾತ್ರಿ ಶಾಲೆಗೆ ಹೋಗಿ ಕೂತೆ. ಐವತ್ತೆಂಟು ವರ್ಷದವಳು ಸ್ಲೇಟು ಹಿಡಿದದ್ದು ನೋಡಿ ಇಟ್ಟಿಗೆ ಗೂಡಿನ ಹುಡುಗಿಯರು ನಗುತ್ತಿದ್ದರು, ಆಮೇಲೆ ಅವರೇ ಬಳಪ ಮೊನೆ ಮಾಡಿಕೊಟ್ಟರು. ಎರಡು ವರ್ಷದ ಸರದಿಗಳು ಕಳೆದ ಮೇಲೆ ಕಾಗದ ಓದಿದೆ. ತುಂಬ ಒಳ್ಳೆಯ ಕಾಗದ. ಕೊನೆಯಲ್ಲಿ ಒಂದು ಮಾತಿತ್ತು: ನಾನು ಕೂತಿದ್ದ ಆ ಹೊನ್ನೆಯ ಮಣೆ ಯಾರದು? ನಿಮ್ಮ ಮನೆಯ ಯಜಮಾನರನ್ನು ನೋಡುವ ಭಾಗ್ಯ ಸಿಗಲೇ ಇಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಉತ್ತರ ಬರೆಯಲು ಎಷ್ಟು ಸಲ ಕೂತೆನೋ. ಟೀಚರು ಹೇಳಿಕೊಟ್ಟ ಹಾಗೆ, ಕಾಗದದ ಮೊದಲ ಸಾಲಿನಲ್ಲಿ ಇತ್ತ ಕಡೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಇರಬೇಕು. ಇತ್ತ ಕಡೆ ಎಂದು ಬರೆಯುವವರೆಗೆ ಕೈ ಓಡುತ್ತಿತ್ತು, ಅಲ್ಲಿಂದ ಮುಂದೆ ಓಡುತ್ತಿರಲಿಲ್ಲ. ಅಷ್ಟೇ ಬರೆದ ಹಾಳೆಗಳು ಪೆಟ್ಟಿಗೆಯ ತಳದಲ್ಲಿ ಒಂದು ಕಟ್ಟು ಇದ್ದವು.

ಈಗ ಪ್ರಸನ್ನ ತಂದ ಕಾಗದವೂ ಅವರದೇ. ಅಂದು ಸಂಜೆ ಊರವರೆಲ್ಲ ಚಾವಡಿಯಲ್ಲಿ ಸೇರಿದಾಗ ನಾನೇ ಗಟ್ಟಿಯಾಗಿ ಓದಿದೆ. ಪ್ರಸನ್ನ ಗೂಟ ನೆಡುತ್ತ ಬಯಲಿನಲ್ಲಿದ್ದ. ಪದ್ಮನಾಭ ಅವರು ಈಗ ಜನರನ್ನು ಊರೂರಿಗೆ ಕರೆದೊಯ್ಯುವ ಕೆಲಸ ಮಾಡುತ್ತಿದ್ದಾರಂತೆ. ಕಳೆದ ಕೆಲವು ವರ್ಷಗಳಲ್ಲಿ ಇಬ್ಬರು ಮೂವರಂತೆ ಇಲ್ಲಿಗೆ ಬಂದ ಹಕ್ಕಿ ನೋಡುವವರು, ಹೂವು ನೋಡುವವರು, ಎಲ್ಲ ಅವರು ಕಳಿಸಿದವರೇ. ಈಗ ನಮ್ಮ ಬಯಲಿನಲ್ಲಿ ನಲವತ್ತು ಮಂಚಗಳ ತಂಗುಮನೆ ಕಟ್ಟಬೇಕೆಂದಿದ್ದಾರೆ. ಮಣ್ಣಿನ ಗೋಡೆ, ಹುಲ್ಲಿನ ಚಾವಣಿ. ಒಂದು ಮರವನ್ನೂ ಕಡಿಯುವುದಿಲ್ಲ, ಒಂದು ಪ್ಲಾಸ್ಟಿಕ್ ಚೀಲವನ್ನೂ ತರುವುದಿಲ್ಲ, ಹೊಳೆಗೆ ಸೋಪಿನ ನೀರು ಬಿಡುವುದಿಲ್ಲ. ನಿಮಗೆ ಭಾರವಾಗದ ಹಾಗೆ ಎಷ್ಟು ಜನ ಬರಬಹುದು, ನೀವೇ ಹೇಳಿ, ನೀವು ಹೇಳಿದ ಮಾತನ್ನು ಮೀರುವುದಿಲ್ಲ ಎಂದು ಬರೆದಿದ್ದರು.

ಓದಿ ಮುಗಿಸಿದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಬಂದವರಿಂದ ನಮಗೆ ಒಳ್ಳೆಯದಾಗಿಲ್ಲ ಎನ್ನುವಂತಿಲ್ಲ. ನಮ್ಮ ಬುಟ್ಟಿ, ಜೇನು ಕೊಳ್ಳುತ್ತಾರೆ. ಒಬ್ಬ ಡಾಕ್ಟರಮ್ಮ ಬಂದು ಬೊಮ್ಮಯ್ಯನ ಹುಳುಕು ಹಲ್ಲು ಕಿತ್ತುಕೊಟ್ಟು ಹೋದಳು. ಹುಡುಗರಿಗೆ ತಂಗುಮನೆಯಲ್ಲಿ ಕೆಲಸ ಸಿಗುತ್ತದೆ ಎಂದು ಕೆಲವರೆಂದರು. ನಲವತ್ತು ಜನ ಬಂದರೆ ನಲವತ್ತು ಜನ ಹೋಗಬೇಕು, ಕೆಲಸ ಸಿಕ್ಕಿದವನೇ ಹೊಳೆ ದಾಟಬೇಕಾದೀತು ಎಂದು ಇನ್ನೊಬ್ಬರು ಹೇಳಿದಾಗ ನಗು ಎದ್ದಿತು. ನಗು ನಿಂತ ಮೇಲೆ ಲೆಕ್ಕ ಎಲ್ಲರ ತಲೆಯಲ್ಲೂ ಓಡಿತು. ಐದು ಜನರಲ್ಲಿ ಒಬ್ಬರು ವರ್ಷಪೂರ್ತಿ ಆಚೆ ದಡದಲ್ಲಿರಬೇಕು. ಜೇನು ಕೀಳುವವರು ಯಾರು, ಹೊಲದ ರಾಗಿಯನ್ನು ಹಂದಿಯಿಂದ ಕಾಯುವವರು ಯಾರು? ನೋಡಲು ಬಂದವರಿಗೆ ಊರು ಕಾಣುತ್ತದೆ, ಊರಿನವರು ಕಾಣುವುದಿಲ್ಲ. ಯಾರೂ ಬೇಡ ಎಂದು ಬರೆಯಿರಿ ಎಂದು ಕೆಲವರೆಂದರು. ಹಾಗೆಂದವರನ್ನು ಉಳಿದವರು ಬೈದರು. ಬಾಗಿಲಿಗೆ ಬಂದವರನ್ನು ಬೇಡ ಎನ್ನಲು ನಮಗೆ ಬರುವುದಿಲ್ಲ.

ಅಷ್ಟರಲ್ಲಿ ಮುತ್ತಿ ಕಂಬ ಹಿಡಿದುಕೊಂಡು ಎದ್ದು ನಿಂತಳು. ನಲವತ್ತು ಜನರ ಮಾತು ಆಮೇಲೆ ಆಡಿ, ನನ್ನದೊಂದು ಬರುವುದಿದೆ, ಅದಕ್ಕೆ ಜಾಗ ಎಲ್ಲಿದೆ ಎಂದು ಕೇಳಿದಳು. ಆ ವರ್ಷ ಯಾರೂ ಸತ್ತಿರಲಿಲ್ಲ. ಎಲ್ಲರೂ ನೆಲ ನೋಡಿದರು. ಹೊನ್ನೆಯ ಮಣೆಯ ಕಡೆ ಯಾರೂ ನೋಡಲಿಲ್ಲ, ನೋಡದಿರಲು ಅವರೆಲ್ಲ ಪಡುತ್ತಿದ್ದ ಕಷ್ಟ ನನಗೆ ಕಾಣುತ್ತಿತ್ತು. ನಾನು ಹೋಗುತ್ತೇನೆ, ನನ್ನ ಮಣೆ ಮಗುವಿಗಾಗಲಿ, ಆಚೆ ದಡದಲ್ಲಿ ಟೀಚರ ಪಕ್ಕದಲ್ಲಿ ಒಂದು ಕೋಣೆ ನೋಡಿಕೊಳ್ಳುತ್ತೇನೆ ಎಂದೆ. ಹೇಳುವಾಗ ಸಲೀಸಾಗಿಯೇ ಬಂತು ಮಾತು.

ಮನೆಗೆ ಬಂದ ಮೇಲೆ ಮುತ್ತಿ ಅಂದಳು, "ನೀನು ಹೋದ್ರೆ ನನ್ ಮಗೀನ ಹೊಕ್ಕುಳು ಕೊಯ್ಯೋರ್ಯಾರು ಅಜ್ಜಿ? ಈ ಊರಿನ ಅರ್ಧ ಜನ ನಿನ್ ಕೈಮ್ಯಾಲೆ ಹುಟ್ಟವ್ರೆ."

"ಅದೊಂದು ಮಾಡಿಕೊಟ್ಟೇ ಹೋಗ್ತೀನಿ."

"ಮಗು ಹುಟ್ಟಿದ ಗಳಿಗೇಲೆ ಊರೆಲ್ಲ ಒಲೆ ಆರ್ತದೆ. ಬಿಸಿನೀರಿಲ್ದೆ ಹೆಂಗ್ ಮಾಡ್ತೀಯ?" ಅವಳು ನನ್ನ ಮುಖ ನೋಡದೆ ಮುಂದೆ ಹೇಳಿದಳು. "ದಿನಾ ತಾತನ ಮಣೆ ಒರೆಸ್ತೀಯ. ನಾನು ಬ್ಯಾಡ ಅಂದಿಲ್ಲ. ಆದ್ರೆ ತಾತ ಇದ್ದಿದ್ರೆ ಎದ್ದು ಜಾಗ ಕೊಡ್ತಿದ್ರು ಅಲ್ವಾ?"

ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದೆ.

ಮಾರನೆಯ ದಿನ ಬೆಳಿಗ್ಗೆ ಚಾವಡಿಗೆ ಹೋದಾಗ ಪ್ರಸನ್ನ ಬಯಲನ್ನು ಅಳೆದು ಸುಸ್ತಾಗಿ ನೆರಳಿಗೆ ಬಂದ. ಗಿಡ್ಡಮ್ಮನ ಮಣೆಯನ್ನು ಗುಡಾರದಲ್ಲಿ ಬಿಟ್ಟು ಬಂದಿದ್ದ. ಸಾಲಿನಲ್ಲಿ ಒಳ್ಳೆಯದಾಗಿ ಕಂಡದ್ದೇ ಹೊನ್ನೆಯ ಮಣೆ. ಕೂರಲು ಬಾಗಿದ.

"ಅದರ ಮೇಲೆ ಬ್ಯಾಡ ಕಣಪ್ಪ," ಎಂದೆ.

ಅವನು ಥಟ್ಟನೆ ನಿಂತ. ತಪ್ಪಾಯಿತು ಅಜ್ಜಿ, ಇದು ಯಾರದು ಎಂದು ಕೇಳಿದ. ಒಂಬತ್ತು ವರ್ಷದ ಹಿಂದೆ ಕಾಗದದಲ್ಲಿ ಬಂದ ಅದೇ ಪ್ರಶ್ನೆ, ಈಗ ಎದುರಿಗೆ ನಿಂತು ಕೇಳುತ್ತಿತ್ತು. ಏನೋ ಒಂದು ಹೇಳಿ ತಳ್ಳಿಹಾಕಬಹುದಿತ್ತು, ಹಾಗೆ ತಳ್ಳಿಹಾಕುವುದರಲ್ಲಿ ನಮ್ಮೂರಿನವರು ಗಟ್ಟಿಗರು. ಆದರೆ ಮುತ್ತಿಯ ಮಾತು ಎದೆಯೊಳಗೆ ಕೂತಿತ್ತು.

"ನಮ್ ಯಜಮಾನ್ರದು. ನಿಮ್ ಸಾಹೇಬರು ಮೂರು ದಿನಕ್ಕೆ ಅಂತ ಇಲ್ಲಿಗೆ ಬಂದು ಎರಡು ತಿಂಗಳು ಇದ್ದಾಗ ಇದ್ರ ಮೇಲೇ ಕೂತಿದ್ರು. ಅವರು ಇಲ್ಲಿ ಇರೋ ತನಕ ನಮ್ಮೋರು ಆಚೆ ದಡದಲ್ಲಿದ್ರು. ಅಲ್ಲೇ ಹೋಗಿಬಿಟ್ರು," ಎಂದೆ. "ನೀವು ಕೂರೋದು ಗಿಡ್ಡಮ್ಮಂದು. ನೀವು ಬಂದ್ರಿ, ಅವಳು ಹೋದಳು. ನೀವು ಹೊರಟ ಮೇಲೆ ಬರ್ತಾಳೆ."

ಅವನು ಇನ್ನೂರ ಹದಿನೇಳು ಮಣೆಗಳನ್ನು ಉದ್ದಕ್ಕೂ ನೋಡಿದ. ಗುಡಾರದ ಕಡೆ ನೋಡಿದ. ನಿನ್ನೆ ಬೆಳಿಗ್ಗೆ ಊಟ ತಡವಾದದ್ದು, ಆ ಮುದುಕಿ ಗಂಟು ಹಿಡಿದು ಹೊರಟದ್ದು, ಎಲ್ಲ ಅವನ ಮುಖದಲ್ಲಿ ಒಂದೊಂದಾಗಿ ಕೂಡಿಕೊಂಡವು.

"ಇದು ನಮ್ಮ ಸಾಹೇಬರಿಗೆ ಗೊತ್ತಾ ಅಜ್ಜಿ?"

"ಯಾರು ಹೇಳವ್ರೆ ಅವರಿಗೆ?"

"ಅವರು ಪ್ರತಿಯೊಂದನ್ನೂ ಕೇಳಿ ತಿಳ್ಕೊಂಡು ಮಾಡೋರು. ಇದನ್ನ ಹೇಳಿದ್ದಿದ್ರೆ ಮೂರನೇ ದಿನಾನೇ ಎದ್ದು ಹೋಗ್ತಿದ್ರು."

ಅವನು ಅದನ್ನು ತಪ್ಪು ಹೊರಿಸುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾನು ಹಾಗೇ ನೆಲದ ಮೇಲೆ ಕೂತೆ. ಮೂರನೆಯ ದಿನ ಅವರು ಇನ್ನೆರಡು ದಿನ ಇರಲೇ ಎಂದು ಕೇಳಿದ್ದು ನನ್ನನ್ನೇ. ಇರಿ, ಅದಕ್ಕೇನು ಎಂದವಳೂ ನಾನೇ. ಮುದ್ದೆ ಬಡಿಸುತ್ತ, ನಗುತ್ತ ಹೇಳಿದ್ದೆ. ಅವರ ತುತ್ತು ಗಂಟಲಲ್ಲಿ ನಿಲ್ಲಬಾರದೆಂದು ನಮ್ಮವರನ್ನು ಸೋರುವ ಗುಡಿಸಲಿನಲ್ಲಿ ಬಿಟ್ಟಿದ್ದೆ. ಒಂಬತ್ತು ವರ್ಷ ನಾನು ಒರೆಸುತ್ತಿದ್ದದ್ದು ಧೂಳನ್ನಲ್ಲ ಎಂದು ಆಗ ತಿಳಿಯಿತು.

ಪ್ರಸನ್ನ ಈಗಲೇ ಹೊರಡುತ್ತೇನೆ ಎಂದು ಗುಡಾರ ಬಿಚ್ಚಲು ಹೋದ. ಗಿಡ್ಡಮ್ಮ ಮೂರು ದಿನಕ್ಕೆಂದು ಹೋಗಿದ್ದಾಳೆ, ಬೇಗ ಕರೆಸಿದರೆ ಅವಳು ಜಗಳಕ್ಕೆ ಬರುವುದು ನನ್ನ ಮೇಲೆ, ನಾಳೆ ಕಾಗದ ತೆಗೆದುಕೊಂಡು ಹೋಗಿ ಎಂದು ತಡೆದೆ. ಆಮೇಲೆ ಅವನು ಗಿಡ್ಡಮ್ಮನ ಮಣೆಯ ಮೇಲೆ ಕೂರುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದ.

ಸಂಜೆ ಮತ್ತೆ ಚಾವಡಿಯಲ್ಲಿ ಸೇರಿದಾಗ, ಬಂದವನಿಗೆ ನಾನು ಹೇಳಿಬಿಟ್ಟೆ ಎಂದೆ. ಬೊಮ್ಮಯ್ಯ ನನ್ನ ಮೇಲೆ ರೇಗಿದ. ಅತಿಥಿಯ ಮುಂದೆ ಊರಿನ ಮಾನ ತೆಗೆದೆಯಲ್ಲ ಬೇದಮ್ಮ, ನಿನ್ನಂಥವಳು ಹೀಗೆ ಮಾಡಬಹುದೇ ಎಂದ. ಹೇಳದೆ ಇದ್ದದ್ದಕ್ಕೆ ನನ್ನ ಮನೆಯಲ್ಲಿ ಏನಾಯಿತು ನಿನಗೆ ಗೊತ್ತಿಲ್ಲವೇ ಎಂದು ಕೇಳಿದೆ. ಬೊಮ್ಮಯ್ಯ ನಮ್ಮ ಯಜಮಾನರ ಗೆಳೆಯ, ಅವರ ಜೊತೆ ಜೇನಿನ ಹಗ್ಗ ಹಿಡಿದವನು. ಅವನು ರುಮಾಲು ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಆಮೇಲೆ ಅವನೇ ಒಂದು ದಾರಿ ತೆಗೆದ. ಎಷ್ಟು ಜನ ಬರಬಹುದು ಎಂಬ ಪ್ರಶ್ನೆ ಬಿಡಿ, ನಮ್ಮಲ್ಲಿ ಯಾರು ಯಾರು ಖುಷಿಯಿಂದ ಹೋಗಿ ಬರುತ್ತೀರಿ ಅಷ್ಟು ಹೇಳಿ, ಸಂಕೋಚಕ್ಕೆ ಯಾರೂ ಏಳಬೇಡಿ ಎಂದ. ಒಬ್ಬನಿಗೆ ಆಚೆ ದಡದಲ್ಲಿ ಮಗಳ ಮನೆ ಇತ್ತು, ಎದ್ದ. ಒಬ್ಬಳಿಗೆ ರಾತ್ರಿ ಶಾಲೆಗೆ ಸೇರಬೇಕಿತ್ತು. ಒಬ್ಬನಿಗೆ ಹೆಂಡತಿಯಿಂದ ನಾಲ್ಕು ದಿನ ದೂರ ಇರಬೇಕಿತ್ತು, ಅವಳೂ ಎದ್ದು, ನಾನು ಹೋಗುತ್ತೇನೆ, ಅವನು ಇರಲಿ ಎಂದಳು. ಗಿಡ್ಡಮ್ಮ ಇಲ್ಲದಿದ್ದರೂ ಅವಳ ಹೆಸರನ್ನು ಎಲ್ಲರೂ ಹೇಳಿದರು. ಎಣಿಸಿದರೆ ಏಳು ಜನ.

ತಂಗುಮನೆಗೆ ಏನು ಹೇಳುವುದು ಎಂದು ಯಾರೋ ಕೇಳಿದರು. ಕಟ್ಟಲಿ, ಆಚೆ ದಡದಲ್ಲಿ ಕಟ್ಟಲಿ, ಅದರಲ್ಲಿ ನಾವು ಮಲಗುತ್ತೇವೆ ಎಂದು ಮುತ್ತಿ ಹೇಳಿದಳು. ತಮಾಷೆಗೆ ಹೇಳಿದಳೋ ಏನೋ. ಯಾರೂ ನಗಲಿಲ್ಲ. ಅದನ್ನೂ ಬರೆ ಎಂದು ಬೊಮ್ಮಯ್ಯ ನನಗೆ ಹೇಳಿದ.

ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಮುತ್ತಿಗೆ ನೋವು ಶುರುವಾಯಿತು. ಚೊಚ್ಚಲು, ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಸೊಂಟಕ್ಕೆ ಎಣ್ಣೆ ತಿಕ್ಕಿ, ಅಂಗಳದಲ್ಲಿ ನಡೆದಾಡಲು ಬಿಟ್ಟೆ. ಹಂಡೆಗೆ ನೀರು ತುಂಬಿ ಒಲೆಯ ಮೇಲಿಟ್ಟೆ. ಪ್ರಸನ್ನ ಚೀಲ ಕಟ್ಟಿಕೊಂಡು ಬಂದು ಜಗಲಿಯ ಅಂಚಿನಲ್ಲಿ ಕೂತಿದ್ದ. ಮುತ್ತಿ ಒಂದು ಸುತ್ತು ಬಂದು ನನ್ನ ಭುಜ ಹಿಡಿದು ನೋವು ಕಳೆದುಕೊಂಡು ಮತ್ತೆ ನಡೆಯುತ್ತಿದ್ದಳು. ಆ ಬಿಡುವಿನಲ್ಲಿ ನಾನು ಹೊಸ್ತಿಲ ಮೇಲೆ ಕೂತು, ಮೊರದ ಬೆನ್ನಿನ ಮೇಲೆ ಹಾಳೆಯಿಟ್ಟು ಬರೆದೆ. ಟೀಚರು ಹೇಳಿಕೊಟ್ಟ ಮೊದಲ ಸಾಲನ್ನು ಬಿಟ್ಟುಬಿಟ್ಟೆ.

ನೀವು ಕೂತಿದ್ದ ಮಣೆ ನನ್ನ ಗಂಡ ಕೇತಯ್ಯನದು ಎಂದು ಬರೆದೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬಾಯಲ್ಲಿ ಹೇಳಬಾರದು ಎಂದಿದೆ, ಬರೆಯಬಾರದು ಎಂದು ಯಾರೂ ಹೇಳಿಲ್ಲ. ಕೇ ಅಕ್ಷರದ ದೀರ್ಘ ಸ್ವಲ್ಪ ಸೊಟ್ಟಗಾಯಿತು, ತಿದ್ದಲಿಲ್ಲ. ಮುಂದೆ ಕೈ ತಾನಾಗಿ ಓಡಿತು. ನೀವು ಇಲ್ಲಿದ್ದ ಎರಡು ತಿಂಗಳು ಅವರು ಆಚೆ ದಡದಲ್ಲಿದ್ದರು. ಅಲ್ಲಿ ಮಳೆ ಸೋರುತ್ತಿತ್ತು, ಜ್ವರದಲ್ಲಿ ತೀರಿಕೊಂಡರು. ನಿಮ್ಮ ನಮಸ್ಕಾರ ಅವರಿಗೆ ತಲುಪಿಸಲು ಆಗಲಿಲ್ಲ. ನಿಮ್ಮದು ತಪ್ಪಿಲ್ಲ, ನಾವು ಹೇಳಲಿಲ್ಲ. ಇನ್ನು ಮೇಲೆ ಹೇಳುತ್ತೇವೆ. ಎಷ್ಟು ಜನ ಬರಬಹುದು ಎಂದು ಕೇಳಿದ್ದೀರಿ. ಏಳು ಜನ. ಹಾಗೆಂದು ಎಂದೆಂದಿಗೂ ಏಳಲ್ಲ, ಪ್ರತಿ ಸಲವೂ ಕೇಳಿ. ಬಂದವರು ಮೊದಲು ಆಚೆ ದಡದಲ್ಲಿ ಇಳಿಯಲಿ, ತಮ್ಮ ಬದಲು ಊರು ಬಿಟ್ಟವರ ಜೊತೆ ಒಂದು ಹೊತ್ತು ಉಣ್ಣಲಿ, ಅವರ ಹೆಸರು ಕೇಳಿಕೊಂಡು ಬರಲಿ. ಹೇಳಿದ ದಿನ ಹೊರಡಲಿ. ಇನ್ನೆರಡು ದಿನ ಇರಬೇಕೆನಿಸಿದರೆ ನಮ್ಮನ್ನು ಕೇಳಬೇಡಿ, ಆಚೆ ಕಾಯುತ್ತಿರುವವರನ್ನು ಕೇಳಿ. ಜೇನಿನ ತಿಂಗಳಲ್ಲಿ ಬರಬೇಡಿ. ನಮ್ಮಲ್ಲಿ ಹೆರಿಗೆ ಇದ್ದಾಗ ಬರಬೇಡಿ. ನಲವತ್ತು ಮಂಚದ ಮನೆ ನಮ್ಮ ಬಯಲಿನಲ್ಲಿ ಬೇಡ. ಕಟ್ಟುವ ಮನಸ್ಸಿದ್ದರೆ ಆಚೆ ದಡದಲ್ಲಿ ಏಳು ಮಂಚದ್ದು ಕಟ್ಟಿ, ಸೋರದ ಹಾಗೆ ಕಟ್ಟಿ. ಅದು ನಿಮ್ಮವರಿಗಲ್ಲ, ನಮ್ಮವರಿಗೆ.

ಅಷ್ಟು ಬರೆದು ಮಡಿಸದೆ ಪ್ರಸನ್ನನ ಕೈಗೆ ಕೊಟ್ಟು, ಇದು ಇನ್ನೂ ಮುಗಿದಿಲ್ಲ, ಇಟ್ಟುಕೊಂಡಿರಿ ಎಂದೆ. ಮುತ್ತಿಯನ್ನು ಒಳಗೆ ಮಲಗಿಸಿ, ಬೊಮ್ಮಯ್ಯನ ಹೆಂಡತಿಯನ್ನು ಅವಳ ಪಕ್ಕ ಕೂರಿಸಿ, ಚಾವಡಿಗೆ ಹೋದೆ. ಹೊನ್ನೆಯ ಮಣೆಯನ್ನು ಎತ್ತಿಕೊಂಡೆ. ಅದು ನಾನು ನೆನೆಸಿದ್ದಕ್ಕಿಂತ ಹಗುರವಾಗಿತ್ತು. ಅದನ್ನು ಎದೆಗೊತ್ತಿಕೊಂಡು ಬೀದಿಯಲ್ಲಿ ಬರುವಾಗ, ಕೆಲಸದಲ್ಲಿದ್ದವರು ಕೆಲಸ ಬಿಟ್ಟು ಎದ್ದು ನಿಂತರು. ಮನೆಗೆ ಬಂದು ಹಂಡೆಯ ಕೆಳಗೆ, ಉರಿಯ ನಡುವೆ ಇಟ್ಟೆ. ಎದ್ದು ಜಾಗ ಕೊಡಿ, ಮಗು ಬರುತ್ತಿದೆ ಎಂದೆ. ಅಷ್ಟೇ ಹೇಳಿದ್ದು.

ಹಳೆಯ ಹೊನ್ನೆ ಬೇಗ ಹೊತ್ತುವುದಿಲ್ಲ. ಅಂಚು ಕಪ್ಪಾಯಿತು, ಹೊಗೆಯಾಡಿತು, ನಡುಭಾಗ ಹಾಗೇ ಉಳಿಯಿತು. ಆ ಕಡೆ ಮಗು ಕಾಯುವ ಹಾಗಿರಲಿಲ್ಲ. ತಲೆ ಬಂತು, ಭುಜ ಬಂತು, ನನ್ನ ಎರಡು ಕೈಯ ಮೇಲೆ ಜಾರಿತು. ಹೆಣ್ಣು. ಅದು ಬಾಯಿ ತೆರೆದು ಅತ್ತ ಕೂಡಲೇ ಒಲೆಯ ಉರಿ ಬಗ್ಗಿತು. ಬೊಮ್ಮಯ್ಯನ ಹೆಂಡತಿ ನನ್ನ ಮುಖ ನೋಡಿದಳು. ಹೊರಗೆ ಬೀದಿಯಲ್ಲಿ ಬಾಗಿಲುಗಳು ತೆರೆದುಕೊಂಡ ಸದ್ದು ಕೇಳಿತು, ಎಲ್ಲರ ಮನೆಯ ಉರಿಯೂ ಬಗ್ಗಿರಬೇಕು. ನಾನು ಮಗುವನ್ನು ಸೆರಗಿನೊಳಗೆ ಒತ್ತಿ ಹಿಡಿದು ಒಲೆಯನ್ನೇ ನೋಡುತ್ತ ಕೂತೆ. ಉರಿ ಇನ್ನೇನು ಕೆಂಡಕ್ಕೆ ಇಳಿಯಿತು ಎನ್ನುವಾಗ ಮಣೆಯ ಮೂಲೆಯ ಗಂಟು ಫಟ್ಟನೆ ಸಿಡಿಯಿತು. ಮಣೆ ಎರಡಾಗಿ ಬಿರಿದು ಒಳಗಿನಿಂದ ಹೊತ್ತಿಕೊಂಡಿತು. ಹಂಡೆಯ ತಳ ತುಂಬ ಉರಿ ಎದ್ದಿತು.

ಮಗುವಿಗೆ ಬಿಸಿನೀರು ಹಾಕಿ, ಮುತ್ತಿಯ ಮಗ್ಗುಲಲ್ಲಿ ಮಲಗಿಸಿದೆ. ಅವಳು ಮಗುವಿನ ಮುಖ ನೋಡಿ, ಒಲೆಯ ಕಡೆ ನೋಡಿ, ನನ್ನ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು. ಕೈ ತೊಳೆದು ನಾನು ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಊರಿನ ಎಲ್ಲ ಮನೆಗಳ ಮೇಲೂ ಹೊಗೆ ಇತ್ತು.

ಪ್ರಸನ್ನ ಎದ್ದು ನಿಂತು ಕಾಗದ ಕೊಟ್ಟ. ಬೆರಳು ಇನ್ನೂ ಒದ್ದೆಯಿತ್ತು, ಹಾಳೆಯ ಅಂಚಿನಲ್ಲಿ ಒಂದು ಗುರುತು ಮೂಡಿತು. ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ಬರೆದೆ: ಇತ್ತ ಕಡೆ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಕೆಳಗೆ ನನ್ನ ಹೆಸರು ಬರೆದು, ಮಡಿಸಿ, ಅಂಟಿಸಿ ಕೊಟ್ಟೆ.

ಅವನು ಗಿಡ್ಡಮ್ಮನ ಮಣೆಯನ್ನು ತಾನೇ ಎತ್ತಿಕೊಂಡು ಹೋಗಿ, ಅಂಗಿಯ ತುದಿಯಿಂದ ಒರೆಸಿ, ಸಾಲಿನಲ್ಲಿ ಅದರ ಜಾಗದಲ್ಲಿ ಇಟ್ಟ. ಹೊಳೆಯವರೆಗೆ ನಾನೂ ಹೋದೆ. ಆಚೆ ದಡದಲ್ಲಿ ಗಿಡ್ಡಮ್ಮ ಗಂಟು ಕಂಕುಳಲ್ಲಿ ಇಟ್ಟುಕೊಂಡು ಕೈ ಬೀಸುತ್ತ ಏನೋ ಕೂಗುತ್ತಿದ್ದಳು, ನೀರಿನ ಸದ್ದಿನಲ್ಲಿ ಒಂದೂ ತಿಳಿಯಲಿಲ್ಲ. ಪ್ರಸನ್ನ ಹರಿಗೋಲಿನಲ್ಲಿ ಕೂತು, ಕಾಗದ ನೆನೆಯದಂತೆ ಅಂಗಿಯ ಒಳಗೆ ಇಟ್ಟುಕೊಂಡ. ಅಂಬಿಗ ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿ, ಹೊಳೆಯ ನಡುವಿಗೆ ಹೋಯಿತು.